ಹದಿನೇಳನೇ ನಿಮಿಷಕ್ಕೆ ಅಳಿಸಿದ ಲೆಕ್ಕ

ಶಿಕ್ಷಕರ ನೋಂದಣಿ ವಿಭಾಗದ ಮಾನ್ಯ ನಿರ್ದೇಶಕರೇ,

ಬರುವ ಗುರುವಾರ ಬೆಳಿಗ್ಗೆ ಹತ್ತೂವರೆಗೆ ನೀವು ಲೊಸಲೀನಾ ವೇಯಾ ಎಂಬ ಗಣಿತ ಶಿಕ್ಷಕಿಯ ಕತ್ತು ಕೊಯ್ಯಲಿದ್ದೀರಿ. ಚಾಕು ಬೇಕಿಲ್ಲ, ನಿಮ್ಮ ಕಚೇರಿಯ ತಿಳಿಬಣ್ಣದ ಕಾರ್ಪೆಟ್ಟಿಗೆ ಕಲೆಯೂ ಆಗುವುದಿಲ್ಲ. 'ನೋಂದಣಿ ರದ್ದು' ಎಂಬ ಸಾಲಿನ ಕೆಳಗೆ ನಿಮ್ಮ ಸಹಿ ಬಿದ್ದರೆ ಸಾಕು, ಅವಳು ಈ ರಾಜ್ಯದಲ್ಲಿ ಇನ್ನೆಂದೂ ಮಕ್ಕಳ ಮುಂದೆ ನಿಲ್ಲುವಂತಿಲ್ಲ. ರಕ್ತ ಸುರಿಯುವ ಭಾಗ ಆಗಲೇ ಮುಗಿದಿದೆ. ಎಡಗಣ್ಣು ಹೋಗಿದೆ. ಕೆನ್ನೆಯ ಮೂಳೆ ಮೂರು ಕಡೆ ಒಡೆದಿದೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಮಿಕ್ಕಿದ್ದನ್ನು ಮುಗಿಸುವ ಕೆಲಸ ನಿಮ್ಮ ಪಾಲಿಗೆ ಬಂದಿದೆ.

ಅದಕ್ಕೆ ನಿಮ್ಮ ಕೈಯಲ್ಲಿರುವ ಆಯುಧ ಒಂದೇ ಒಂದು ಹಾಳೆ. ಅವಳೇ ಆಸ್ಪತ್ರೆಯ ಹಾಸಿಗೆಯಲ್ಲಿ, ರೂಢಿಯಿಲ್ಲದ ಎಡಗೈಯಲ್ಲಿ ಬರೆದುಕೊಟ್ಟದ್ದು. 'ತಪ್ಪು ನನ್ನದು' ಎಂದು ಶುರುವಾಗುತ್ತದೆ. ನಿಮ್ಮ ಅರವತ್ತಮೂರು ಪುಟದ ತನಿಖಾ ವರದಿಯಲ್ಲಿ ಆ ಹಾಳೆಯನ್ನು ಕಿತ್ತುಹಾಕಿದರೆ ಉಳಿಯುವುದು ಮುಖಪುಟ ಮತ್ತು ಪರಿವಿಡಿ. ಅಂಥ ಹಾಳೆ ಬರೆಯುವುದನ್ನು ಅವಳಿಗೆ ಕಲಿಸಿದವಳು ನಾನು. ಹಗ್ಗ ಹೊಸೆದವಳು ನಾನು, ಎಳೆಯುವವರು ನೀವು. ಹಾಗಾಗಿ ನಮ್ಮಿಬ್ಬರ ನಡುವೆ ಒಂದಿಷ್ಟು ಮಾತು ಆಗಲೇಬೇಕು. ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳಿಗೂ 'ತಮ್ಮ ಪತ್ರ ತಲುಪಿದೆ' ಎಂಬ ಒಂದೇ ಉತ್ತರ ಬಂದದ್ದರಿಂದ ಈ ಸಲ ಪತ್ರಿಕೆಯಲ್ಲಿ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ನಿಮ್ಮ ಕಡತದಲ್ಲಿದೆ: 'ಸರ್ಕಾರಿ ಉಪಕರಣವನ್ನು ಸುತ್ತಿಗೆಯಿಂದ ಧ್ವಂಸ ಮಾಡಿದ ನಿವೃತ್ತ ಬೋಧಕಿ'. ನಿಜ, ಧ್ವಂಸ ಮಾಡಿದೆ, ಅದರ ವಿಚಾರ ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ನಾನು ದೂರದ ಗ್ರಹಗಳಿಗೆ ನೌಕೆ ಕಳಿಸುವವರ ಯೋಜನಾ ತಂಡದಲ್ಲಿದ್ದೆ. ಆಮೇಲೆ ಹದಿನಾಲ್ಕು ವರ್ಷ ಗಣಿತದ ಶಿಕ್ಷಕರನ್ನು ತಯಾರು ಮಾಡಿದೆ. ಎರಡೂ ಒಂದೇ ಕಸುಬು ಎಂದರೆ ನೀವು ನಗಬಹುದು. ನಗಿ. ಆದರೆ ಎರಡರಲ್ಲೂ ನಾವು ಒಂದನ್ನು ಒಂಟಿಯಾಗಿ, ಕೈಗೆ ಸಿಗದಷ್ಟು ದೂರಕ್ಕೆ ಕಳಿಸಿಬಿಡುತ್ತೇವೆ. ಕಳಿಸಿದ ಮೇಲೆ ಸ್ಪಾನರ್ ಹಿಡಿದು ಹಿಂದೆ ಓಡುವಂತಿಲ್ಲ. ಅಲ್ಲಿ ಏನೇನು ಕೆಡಬಹುದೋ ಅದೆಲ್ಲ ಇಲ್ಲೇ, ನಮ್ಮ ಕಣ್ಣೆದುರಿಗೇ, ಮೊದಲೇ ಕೆಟ್ಟು ಮುಗಿದಿರಬೇಕು.

ಅದಕ್ಕೆಂದೇ ನಮ್ಮಲ್ಲಿ ಕೊಲೆಸಭೆ ಎಂದು ಒಂದಿತ್ತು. ಬೆಟ್ಟಗಳ ನಡುವೆ ಕಾಂಗರೂ ಮೇಯುವ ಒಂದು ಕಣಿವೆ, ಅಲ್ಲೊಂದು ತಗಡಿನ ಚಾವಣಿಯ ಕೋಣೆ. ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ನಾವು ಹನ್ನೆರಡು ಜನ ಅಲ್ಲಿ ಸೇರುತ್ತಿದ್ದೆವು. ತಂಡದ ಮುಖ್ಯಸ್ಥ ಡೆಸ್ಮಂಡ್ ಕ್ರೋಲ್, ಹಂದಿಯಂಥ ಕತ್ತಿನ, ಮಗುವಿನಂಥ ಕಣ್ಣಿನ ಮನುಷ್ಯ, ಒಂದು ಟ್ರೇ ತುಂಬ ಬಿಸಿ ಮಾಂಸದ ಪೈ ತಂದಿಟ್ಟು, "ಬನ್ರಪ್ಪಾ, ಇವತ್ತೂ ಮುದುಕೀನ ಸಾಯಿಸಿ ಮನೆಗೆ ಹೋಗೋಣ" ಎನ್ನುತ್ತಿದ್ದ. ಮುದುಕಿ ಎಂದರೆ ನಮ್ಮ ನೌಕೆ. ಪ್ರತಿಯೊಬ್ಬರೂ ಅವಳಿಗೊಂದು ಸಾವು ತರಬೇಕು. ಒಬ್ಬ ಇಂಧನದ ಕೊಳವೆ ಹೆಪ್ಪುಗಟ್ಟಿಸಿ ಕೊಲ್ಲುತ್ತಿದ್ದ. ಇನ್ನೊಬ್ಬ ಶನಿಗ್ರಹದ ಉಂಗುರದ ಮರಳುಕಾಳಿನಲ್ಲಿ ಹೊಟ್ಟೆ ಸೀಳುತ್ತಿದ್ದ. ಯೋಜನೆ ಮಾಡಿದವನು ಎದ್ದು ನಿಂತು ಅವಳನ್ನು ಬದುಕಿಸಬೇಕು. ಬದುಕಿಸಲಾಗದಿದ್ದರೆ ಯೋಜನೆಯನ್ನು ಹರಿದು ಕಸದಬುಟ್ಟಿಗೆ ಹಾಕಿ ಮತ್ತೆ ಮೊದಲಿನಿಂದ. ಅಲ್ಲಿ ಮೇಜು ಗುದ್ದಿದ್ದುಂಟು, ಬೈದದ್ದುಂಟು, ಗಂಡಸರು ಹೊರಗೆ ಹೋಗಿ ಅತ್ತು ಬಂದದ್ದುಂಟು. ನಾನೂ ಅತ್ತಿದ್ದೇನೆ. ಮುದುಕಿ ನೆಲ ಬಿಡುವ ಮುಂಚೆ ನಾವು ಅವಳನ್ನು ಎಂಟುನೂರಕ್ಕೂ ಹೆಚ್ಚು ಸಲ ಕೊಂದಿದ್ದೆವು.

ಒಂದು ಸಾವು ಮಾತ್ರ ನಮಗೆ ಹೊಳೆದಿರಲಿಲ್ಲ, ಅದನ್ನು ನಾನೇ ತಂದೆ. ಅವಳು ಶನಿಗ್ರಹದ ಹತ್ತಿರವಿದ್ದಳು. ಇಲ್ಲಿಂದ ಒಂದು ಆದೇಶ ಕಳಿಸಿದರೆ ಬೆಳಕಿನ ವೇಗದಲ್ಲಿ ಹೋದರೂ ಮುಟ್ಟಲು ಒಂದು ಗಂಟೆ ಇಪ್ಪತ್ತು ನಿಮಿಷ. ತಿರುಗುವ ಕೋನದ ಹಿಂದೆ ಕಳೆಯುವ ಚಿಹ್ನೆ ಹಾಕಬೇಕಿತ್ತು, ನಾನು ಕೂಡುವ ಚಿಹ್ನೆ ಹಾಕಿದ್ದೆ. ಆದೇಶ ಹೋಯಿತು. ಅದು ಮುಟ್ಟಿ ಹನ್ನೊಂದು ನಿಮಿಷಕ್ಕೆ ಅವಳು ತಿರುಗಬೇಕು. ನನ್ನ ಲೆಕ್ಕದಂತೆ ತಿರುಗಿದ್ದರೆ ಭೂಮಿಗೆ ಬೆನ್ನು ಹಾಕಿ ಶಾಶ್ವತವಾಗಿ ಕಿವುಡಿಯಾಗುತ್ತಿದ್ದಳು. ಆದೇಶ ಹೋದ ಐದನೇ ನಿಮಿಷಕ್ಕೆ ನನಗೆ ತಪ್ಪು ಕಂಡಿತು. ಆರನೇ ನಿಮಿಷಕ್ಕೆ ಎದ್ದುನಿಂತು, ತಪ್ಪು ನನ್ನದು, ಚಿಹ್ನೆ ತಿರುವುಮುರುವಾಗಿದೆ ಎಂದು ಕೂಗಿದೆ. ಒಂಬತ್ತನೇ ನಿಮಿಷಕ್ಕೆ ತಿದ್ದುಪಡಿ ಹೋಯಿತು. ಎರಡು ನಿಮಿಷದ ಅಂತರದಲ್ಲಿ ಮುದುಕಿ ಬದುಕಿಕೊಂಡಳು. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಾನು ಮೂರು ನಿಮಿಷ ತೆಗೆದುಕೊಂಡಿದ್ದರೆ ಸತ್ತೇ ಹೋಗುತ್ತಿದ್ದಳು.

ಕ್ರೋಲ್ ನನ್ನ ಮುಂದೆ ಒಂದು ಪೈ ಮತ್ತು ಒಂದು ಖಾಲಿ ಹಾಳೆ ಇಟ್ಟ. "ಮೊದಲನೇ ಸಾಲಲ್ಲೇ ಯಾರ ತಪ್ಪು ಅಂತ ಬರಿ. ನಿಂದು ಮಾತ್ರ ಬರಿ ಕಣಮ್ಮ, ನಂದು ನಿನಗ್ಯಾಕೆ? ನಂದು ನಾನ್ ಬರ್ಕೋತೀನಿ" ಎಂದ. ನಮ್ಮ ಪದ್ಧತಿಯೇ ಅದು. ಯಾರೂ ಇನ್ನೊಬ್ಬರ ತಪ್ಪು ಬರೆಯುವಂತಿಲ್ಲ. ಪ್ರತಿಯೊಬ್ಬರೂ ತಮ್ಮದನ್ನು ಒಂದು ಹಾಳೆಯಲ್ಲಿ ಬರೆದು ಚಹಾ ಕುಡಿಯುವ ಕೋಣೆಯ ಗೋಡೆಗೆ ಅಂಟಿಸಬೇಕು. ಹಾಳೆ ಅಂಟಿಸಿದವರಿಗೆ ಶಿಕ್ಷೆ ಇಲ್ಲ. ಆ ವಾರ ಗೋಡೆಯ ಮೇಲೆ ನಾಲ್ಕು ಹಾಳೆಗಳಿದ್ದವು. ನನ್ನದರ ಪಕ್ಕದಲ್ಲೇ ಕ್ರೋಲನದು: 'ತಪ್ಪು ನನ್ನದು. ಥೆಕ್ಲಾಳ ಲೆಕ್ಕವನ್ನು ಎರಡನೇ ಸಲ ನೋಡಬೇಕಾದವನು ನಾನು. ಹಸಿವಾಗಿತ್ತು, ಊಟಕ್ಕೆ ಹೋಗಿದ್ದೆ.' ನಾಲ್ಕನ್ನೂ ಒಟ್ಟಿಗೆ ಓದಿದರೆ ಆ ದಿನ ಏನಾಯಿತೆಂದು ತಿಳಿಯುತ್ತಿತ್ತು. ಒಂದನ್ನೇ ಓದಿದರೆ ಥೆಕ್ಲಾ ನೋಸ್ಕೆ ಎಂಬ ನಾನು ಒಬ್ಬ ದಡ್ಡಿ ಎಂದಷ್ಟೇ ತಿಳಿಯುತ್ತಿತ್ತು. ಮಾನ್ಯರೇ, ಇದನ್ನು ನೆನಪಿಟ್ಟುಕೊಳ್ಳಿ, ಇಡೀ ಪತ್ರ ನಿಂತಿರುವುದು ಇದರ ಮೇಲೆ.

ಮುದುಕಿಯ ಇಂಧನ ಮುಗಿಯುತ್ತ ಬಂದಾಗ ನಾವೇ ಅವಳನ್ನು ಗ್ರಹದ ಮೋಡಗಳೊಳಕ್ಕೆ ನುಗ್ಗಿಸಿ ಸುಟ್ಟೆವು. ಆಮೇಲೆ ನಾನು ತರಬೇತಿ ಕಾಲೇಜಿಗೆ ಬಂದೆ. ನಮ್ಮ ಆಸ್ಟ್ರೇಲಿಯಾದಲ್ಲಿ ಗಣಿತ ಕಲಿತವರು ಶಾಲೆಗೆ ಬರುವುದಿಲ್ಲ, ಶಾಲೆಗೆ ಬಂದವರು ಗಣಿತ ಕಲಿತಿರುವುದಿಲ್ಲ. ಅದಕ್ಕೆ ನಿಮ್ಮ ಇಲಾಖೆ ಅಡುಗೆ, ವ್ಯಾಯಾಮ, ಮರಗೆಲಸ ಕಲಿಸುವ ಶಿಕ್ಷಕರನ್ನು ಹಿಡಿದು ತಂದು ಗಣಿತಕ್ಕೆ ತಿರುಗಿಸಿ ಎಂದು ನಮಗೆ ಒಪ್ಪಿಸುತ್ತಿತ್ತು. ನಾನು ಅವರಿಗೆ ಕೊಲೆಸಭೆ ಶುರು ಮಾಡಿದೆ. ಒಬ್ಬರು ಪಾಠ ಮಾಡಬೇಕು, ಉಳಿದವರೆಲ್ಲ ಒಂಬತ್ತನೇ ತರಗತಿಯ ಅತಿ ಕೆಟ್ಟ ಮಕ್ಕಳು. ಒಬ್ಬರು ಬೆಂಚು ಬಡಿಯುತ್ತಾರೆ. ಒಬ್ಬರು ಅಸಹ್ಯವಾಗಿ ಬೈಯುತ್ತಾರೆ. ಒಬ್ಬರು ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ಪಾಠ ಮಾಡುವವರು ಸತ್ತರೆ ಮರುದಿನ ಮತ್ತೆ ಅದೇ ಪಾಠ. ಹನ್ನೆರಡು ಬಗೆಯ ಸಾವುಗಳ ಪಟ್ಟಿ ಮಾಡಿದ್ದೆ. ಹನ್ನೆರಡನ್ನೂ ದಾಟಿದವರಿಗೆ ಮಾತ್ರ ನನ್ನ ಸಹಿ. ನಲವತ್ತು ವಾರ ಹಿಡಿಯುತ್ತಿತ್ತು.

ಲೊಸಲೀನಾ ಬಂದಾಗ ಅವಳಿಗೆ ಮೂವತ್ತೊಂದು. ಟೋಂಗಾ ದ್ವೀಪದ ಮನೆತನದ ಹುಡುಗಿ, ನೆಟ್‌ಬಾಲ್ ಆಟಗಾರ್ತಿ, ವ್ಯಾಯಾಮ ಶಿಕ್ಷಕಿ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಷ್ಟು ಎತ್ತರ, ಅಗಲ. ಮೊದಲ ಸಭೆಯಲ್ಲಿ ನಾನೇ ವಿದ್ಯಾರ್ಥಿನಿಯಾಗಿ ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತು ಕೇಳಿದೆ: "ಮಿಸ್, ಮೈನಸ್ ಮೂರರಲ್ಲಿ ಮೈನಸ್ ಐದು ಕಳೆದ್ರೆ ಎರಡು ಹೆಂಗ್ ಬರುತ್ತೆ? ಇಲ್ದೇ ಇರೋದ್ರಲ್ಲಿ ಇಲ್ದೇ ಇರೋದನ್ನ ಕಿತ್ಕೊಂಡ್ರೆ ಇರೋದು ಎಲ್ಲಿಂದ ಬಂತು?" ಅವಳು, ರೂಲ್ ಹಾಗಿದೆ ಎಂದಳು. ಇಡೀ ಕೋಣೆ ಮೇಜು ಗುದ್ದಿ ಅವಳ ಹೆಣ ಎತ್ತಿತು. ಅವಳು ಕೈಯಲ್ಲಿದ್ದ ಸೀಮೆಸುಣ್ಣವನ್ನು ಗೋಡೆಗೆ ಬೀಸಿ ಹೊಡೆದು ಹೊರಟುಹೋದಳು. ಮರುದಿನ ಬಂದು, "ಇನ್ನೊಂದ್ಸಲ ಕೊಲ್ಲಿ ನೋಡೋಣ" ಎಂದಳು.

ಒಂಬತ್ತನೇ ಸಾವಿನ ಹೊತ್ತಿಗೆ ಅವಳಿಗೆ ದಾರಿ ಸಿಕ್ಕಿತು. ನಮ್ಮೆಲ್ಲರನ್ನೂ ಎಬ್ಬಿಸಿ ನೆಟ್‌ಬಾಲ್ ಅಂಗಳಕ್ಕೆ ಕರೆದುಕೊಂಡು ಹೋದಳು. ನೆಲದ ಮೇಲೆ ಉದ್ದ ಗೆರೆ ಎಳೆದು ನಡುವೆ ಸೊನ್ನೆ, ಬಲಕ್ಕೆ ಒಂದು ಎರಡು ಮೂರು, ಎಡಕ್ಕೆ ಮೈನಸ್ಸುಗಳು. ನನ್ನನ್ನು ಮೈನಸ್ ಮೂರರ ಮೇಲೆ ನಿಲ್ಲಿಸಿದಳು. ಕಳೆಯುವುದು ಎಂದರೆ ಎಡಕ್ಕೆ ಮುಖ ಮಾಡುವುದು. ಮೈನಸ್ ಐದು ಎಂದರೆ ಐದು ಹೆಜ್ಜೆ ಹಿಂದಕ್ಕೆ ಇಡುವುದು. ಎಡಕ್ಕೆ ಮುಖ ಮಾಡಿ ಐದು ಹೆಜ್ಜೆ ಹಿಂದೆ ಇಟ್ಟೆ. ಕಾಲ ಕೆಳಗೆ ಎರಡು ಇತ್ತು. ನೌಕೆಯನ್ನು ಶನಿಯವರೆಗೆ ತಿರುಗಿಸಿಕೊಂಡು ಹೋದವಳು ನಾನು, ಆ ಚಿಹ್ನೆಯನ್ನೇ ತಪ್ಪಿ ಬೆವರಿದವಳು. ಐವತ್ತು ವರ್ಷದಿಂದ ಕಾಗದದ ಮೇಲೆ ಮಾಡಿದ್ದನ್ನು ಅಂದು ಮೊದಲ ಸಲ ಮೈಯಿಂದ ತಿಳಿದೆ. ಅಂಗಳದಲ್ಲೇ ಕಣ್ಣು ತುಂಬಿ ಬಂತು, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಹನ್ನೊಂದು ಸಾವು ದಾಟಿದ್ದಳು, ಉಳಿದದ್ದು ಒಂದೇ. ಹನ್ನೆರಡನೆಯದು ಯಾವುದು ಗೊತ್ತೇ? ನಿಧಾನದ ಮಗು. ಎಷ್ಟೋ ಕಾಲದ ಮೇಲೆ ತಾನಾಗಿ ಎದ್ದು ಹಲಗೆಯ ಮುಂದೆ ಬಂದಿದೆ, ಸರಿಯಾಗಿ ಮಾಡುತ್ತಿದೆ, ಆದರೆ ನಿಧಾನ. ತರಗತಿ ನಗುತ್ತಿದೆ, ಹೊತ್ತು ಮೀರುತ್ತಿದೆ. ಆಗ ಶಿಕ್ಷಕಿ ಏನು ಮಾಡಬೇಕು? ಅದನ್ನು ಆಡಿಸುವ ಮುಂಚೆ ನಿಮ್ಮ ಸುತ್ತೋಲೆ ಬಂತು. ಕೊಲೆಸಭೆಯಿಂದ 'ಪ್ರಶಿಕ್ಷಣಾರ್ಥಿಗಳ ಮನಃಕ್ಷೇಮಕ್ಕೆ ಧಕ್ಕೆ' ಆಗುತ್ತದಂತೆ, ಕೂಡಲೇ ನಿಲ್ಲಿಸಬೇಕಂತೆ. ನಲವತ್ತು ವಾರಗಳನ್ನು ಆರು ವಾರಕ್ಕೆ ಇಳಿಸಲಾಗಿದೆಯಂತೆ, ಏಕೆಂದರೆ ಇನ್ನು ಮುಂದೆ ಪಾಠ ಮಾಡುವುದು ಪೆಟ್ಟಿಗೆಯಂತೆ. ಎಂಥ ಕರುಣೆ ನಿಮ್ಮದು. ನಮ್ಮ ಕೋಣೆಯಲ್ಲಿ ಸುಳ್ಳು ಸಾವು ಸತ್ತರೆ ಅವರಿಗೆ ನೋವಾಗುತ್ತದೆ ಎಂದು ಕನಿಕರಪಟ್ಟು ನಿಜವಾಗಿ ಸಾಯುವ ಕಡೆಗೆ ಕಳಿಸಿದಿರಿ.

ಓದುಗರಿಗಾಗಿ ಈ ಪೆಟ್ಟಿಗೆಯ ಬಗ್ಗೆ ಎರಡು ಮಾತು ಹೇಳಬೇಕು. ಅದು ಗೋಡೆಯ ಮೇಲೆ ಪಾಠದ ಚಿತ್ರಗಳನ್ನು ಬಿಡುತ್ತದೆ. ಗೊತ್ತುಮಾಡಿದ ನಿಮಿಷಕ್ಕೆ ಸರಿಯಾಗಿ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದರೆ ಹಲಗೆ ಅಳಿಸಿ ಮುಂದಿನ ಚಿತ್ರಕ್ಕೆ ಹೋಗಬೇಕು. ಶಿಕ್ಷಕಿ ಪೆಟ್ಟಿಗೆಯನ್ನು ನಿಲ್ಲಿಸಿದರೆ, ಇಲ್ಲವೇ ಅದನ್ನು ಬಿಟ್ಟು ಮಕ್ಕಳನ್ನು ಹೊರಗೆ ಕರೆದೊಯ್ದರೆ ಇಲಾಖೆಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ಮೂರು ಕೆಂಪಿಗೆ ಕೆಲಸದಿಂದ ಹೊರಗೆ. ಇದನ್ನು ಯೋಚಿಸಿದ ತಲೆಯನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ. ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.

ಲೊಸಲೀನಾಳನ್ನು ನೀವು ಕಾಪರ್ ಸೋಕ್ ಎಂಬ ಗಣಿಯೂರಿಗೆ ಹಾಕಿದಿರಿ. ಒಂಬತ್ತನೇ ತರಗತಿ, ಮೂವತ್ತೊಂದು ಮಕ್ಕಳು. ಎರಡು ವರ್ಷದಲ್ಲಿ ಆ ಮಕ್ಕಳು ಗಣಿತಕ್ಕೆ ಏಳು ಜನರನ್ನು ಕಂಡಿದ್ದರು, ಏಳರಲ್ಲಿ ಒಬ್ಬರೂ ಗಣಿತದವರಲ್ಲ. ಮೊದಲ ವಾರವೇ ಅವಳು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಗೆರೆಯ ಮೇಲೆ ನಡೆಸಿದಳು. ಪೆಟ್ಟಿಗೆ ಖಾಲಿ ಕೋಣೆಗೆ ಪಾಠ ಹೇಳಿತು. ಒಂದು ಕೆಂಪು ಗುರುತು. ಮಕ್ಕಳೇ ಮತ್ತೆ ನಡೆಯೋಣ ಮಿಸ್ ಎಂದು ಕೇಳಿದ್ದಕ್ಕೆ ಎರಡನೇ ದಿನವೂ ಕರೆದೊಯ್ದಳು. ಎರಡನೇ ಕೆಂಪು. ಮುಖ್ಯೋಪಾಧ್ಯಾಯರು ಕರೆದು ಎಚ್ಚರಿಕೆಯ ಕಾಗದ ಕೊಟ್ಟರು. ಮೂರನೇ ದಿನ ಅವಳು ಕೋಣೆಯಲ್ಲೇ ಉಳಿದಳು. ಹೊರಗೆ ನಲವತ್ತೊಂದು ಡಿಗ್ರಿ ಬಿಸಿಲು, ಕೂಲರ್ ಕೆಟ್ಟಿತ್ತು.

ಜೋರ್ಜಾ ಕೆಟಲ್ ಎಂಬ ಹದಿನೈದು ವರ್ಷದ ಹುಡುಗಿ ಅಂದು ತಾನಾಗಿ ಎದ್ದು ಹಲಗೆಯ ಬಳಿ ಬಂದಳು. ಎರಡು ವರ್ಷದಲ್ಲಿ ಅವಳು ಹಾಗೆ ಬಂದದ್ದು ಅದೇ ಮೊದಲು. ಮೈನಸ್ ಮೂರರಲ್ಲಿ ಮೈನಸ್ ಐದು ಕಳೆಯುವ ಲೆಕ್ಕ. ಅಂಗಳದ ಗೆರೆಯನ್ನೇ ಹಲಗೆಯ ಮೇಲೆ ಎಳೆದು, ಒಂದೊಂದೇ ಹೆಜ್ಜೆ ಗುರುತು ಹಾಕುತ್ತ ಹೋದಳು. ನಿಧಾನ. ಹಿಂದಿನಿಂದ ನಗು ಶುರುವಾಯಿತು. ಯಾರೋ, "ಕ್ರಿಸ್‌ಮಸ್ ಒಳಗಾದ್ರೂ ಮುಗ್ಸೇ" ಎಂದರು. ಹದಿನೇಳನೇ ನಿಮಿಷಕ್ಕೆ ಪೆಟ್ಟಿಗೆಯ ಗಂಟೆ ಹೊಡೆಯಿತು. ಲೊಸಲೀನಾ ಹಲಗೆ ಅಳಿಸಿದಳು.

"ನಾನಿನ್ನೂ ಮುಗ್ಸಿಲ್ಲ" ಎಂದಳು ಜೋರ್ಜಾ.

"ಟೈಮಾಯ್ತು ಪುಟ್ಟಿ, ಕೂತ್ಕೋ."

ಮಾನ್ಯರೇ, ಇಲ್ಲಿ ನಿಮ್ಮ ವರದಿ 'ಅನಪೇಕ್ಷಿತ ಘಟನೆ' ಎಂದು ಹೇಳಿ ಮುಂದೆ ಹೋಗುತ್ತದೆ. ನಾನು ಹೋಗುವುದಿಲ್ಲ. ಹುಡುಗಿ ಪಕ್ಕದ ಕಬ್ಬಿಣದ ಕಾಲಿನ ಕುರ್ಚಿಯನ್ನು ಎರಡು ಕೈಯಲ್ಲಿ ಎತ್ತಿ ಬೀಸಿದಳು. ಕುರ್ಚಿಯ ಕಾಲು ಎಡಗಣ್ಣಿನೊಳಕ್ಕೆ ಇಳಿಯಿತು. ಅದರ ಸದ್ದು ಬಾಗಿಲವರೆಗೂ ಕೇಳಿಸಿತು ಎಂದು ಮಕ್ಕಳು ಹೇಳಿದ್ದಾರೆ. ಲೊಸಲೀನಾ ಹಲಗೆಗೆ ಒರಗಿ ಜಾರಿದಳು. ಎರಡನೇ ಏಟಿಗೆ ಅಡ್ಡ ಹಿಡಿದ ಬಲಗೈಯ ಬೆರಳುಗಳು ಮುರಿದವು, ಕೆನ್ನೆ ಒಳಕ್ಕೆ ಕುಸಿಯಿತು. ಅಳಿಸಿದ ಗೆರೆ ಇದ್ದ ಜಾಗದಲ್ಲಿ ರಕ್ತ ಇಳಿಯುತ್ತಿತ್ತು. ಪೆಟ್ಟಿಗೆ ಮಾತ್ರ ಮುಂದಿನ ಚಿತ್ರಕ್ಕೆ ಹೋಗಿತ್ತು. ಮೂರನೇ ಏಟಿಗೆ ಕುರ್ಚಿ ಮೇಲೆದ್ದಿತು. ಆಗ ನೆಲದ ಮೇಲಿದ್ದ ಆ ಹೆಣ್ಣು, ಬಾಯ್ತುಂಬ ರಕ್ತ ಇಟ್ಟುಕೊಂಡು ಹೇಳಿದ್ದು ಇಷ್ಟು: "ನೀನ್ ಮಾಡಿದ್ದು ಸರಿಯಿತ್ತು ಜೋರ್ಜಾ. ನಾನ್ ಅಳಿಸ್ಬಾರ್ದಿತ್ತು."

ಹುಡುಗಿ ಕುರ್ಚಿ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತಳು. ಈ ಮಾತು ಮೂವತ್ತು ಮಕ್ಕಳ ಹೇಳಿಕೆಯಲ್ಲೂ ಇದೆ, ನಿಮ್ಮ ಅರವತ್ತಮೂರು ಪುಟಗಳಲ್ಲಿ ಎಲ್ಲೂ ಇಲ್ಲ. ಹನ್ನೆರಡನೇ ಸಾವಿಗೆ ಉತ್ತರ ಏನೆಂದು ನಾನು ಕಲಿಸಿರಲಿಲ್ಲ. ಅವಳಾಗಿಯೇ ಕಂಡುಕೊಂಡಳು, ಒಂದು ಕಣ್ಣು ಕೊಟ್ಟು.

ಹುಡುಗಿಗೆ ಹುಚ್ಚು ಎಂದು ನಿಮ್ಮವರು ಬರೆದಿದ್ದಾರೆ. ಮುದುಕಿಯ ಕಾಲದಲ್ಲಿ ನಮಗೆ ತಿಳಿದಿದ್ದ ಸಾದಾ ಸಂಗತಿ ಒಂದಿದೆ: ದೂರದಿಂದ ಬಂದ ಸುದ್ದಿ ಈಗಿನದಲ್ಲ. ಪರದೆಯ ಮೇಲೆ ಕೆಂಪು ದೀಪ ಹತ್ತಿದಾಗ ಅಲ್ಲಿ ಕೆಟ್ಟು ಒಂದೂಕಾಲು ಗಂಟೆಗೂ ಹೆಚ್ಚಾಗಿರುತ್ತದೆ. ಆ ಕುರ್ಚಿ ಎದ್ದದ್ದು ಅಂದಿನ ಹದಿನೇಳನೇ ನಿಮಿಷದಲ್ಲಿ ಅಲ್ಲ. ಅವಳು ನಾಲ್ಕನೇ ತರಗತಿಯಲ್ಲಿದ್ದಾಗಿನಿಂದ ಒಬ್ಬರಾದ ಮೇಲೊಬ್ಬರು ಅವಳ ಅರ್ಧ ಲೆಕ್ಕ ಅಳಿಸುತ್ತ ಬಂದಿದ್ದಾರೆ. ಹೊರಟದ್ದು ಆವಾಗ, ಮುಟ್ಟಿದ್ದು ಈವಾಗ. ಏಟು ತಿಂದವಳು ಮಾತ್ರ ಆ ಸಾಲಿನಲ್ಲಿ ಅವಳಿಗೆ ಮೊದಲ ಸಲ ನಡೆಯಲು ಕಲಿಸಿದವಳು. ಇದರಿಂದ ಹುಡುಗಿ ಮಾಡಿದ್ದು ಸರಿ ಎಂದಾಗುವುದಿಲ್ಲ. ಆ ಕೆನ್ನೆಯನ್ನು ನಾನು ಬ್ಯಾಂಡೇಜ್ ಬಿಚ್ಚಿದಾಗ ನೋಡಿದ್ದೇನೆ, ನನ್ನ ಮುಂದೆ ಯಾರೂ ಹಾಗೆ ಹೇಳುವುದು ಬೇಡ.

ಏಟು ಬಿದ್ದ ನಾಲ್ಕನೇ ದಿನ ನಿಮ್ಮ ಕಚೇರಿಯ ಇಬ್ಬರು ಹೂಗುಚ್ಛ ಹಿಡಿದು ಆಸ್ಪತ್ರೆಗೆ ಬಂದರು. ಒಂದು ಚಿಕ್ಕ ಹೇಳಿಕೆ ಬರೆದುಕೊಡಿ, ನಮ್ಮ ಕಡತಕ್ಕೆ ಮಾತ್ರ ಎಂದರು. ಲೊಸಲೀನಾ ಬರೆದುಕೊಟ್ಟಳು: 'ತಪ್ಪು ನನ್ನದು. ಜೋರ್ಜಾ ಲೆಕ್ಕವನ್ನು ಸರಿಯಾಗಿ ಮಾಡುತ್ತಿದ್ದಳು, ಅವಳು ಮುಗಿಸುವ ಮುಂಚೆ ನಾನು ಅಳಿಸಿದೆ. ನಾನು ಗಡಿಯಾರ ನೋಡುತ್ತಿದ್ದೆ, ಅವಳನ್ನು ನೋಡುತ್ತಿರಲಿಲ್ಲ.' ಪೆಟ್ಟಿಗೆಯ ಮಾತಿಲ್ಲ. ಎರಡು ಕೆಂಪು ಗುರುತಿನ ಮಾತಿಲ್ಲ. ಮುಗಿಯದ ತರಬೇತಿಯ ಮಾತಿಲ್ಲ. ಏಕೆ ಬರೆಯಲಿಲ್ಲ ಎಂದು ಆಮೇಲೆ ಕೇಳಿದೆ. ಒಂದೇ ಕಣ್ಣಿನಲ್ಲಿ ನನ್ನನ್ನು ಅಚ್ಚರಿಯಿಂದ ನೋಡಿದಳು.

"ಅದು ನನ್ನ ತಪ್ಪಲ್ವಲ್ಲ ಥೆಕ್ಲಾ. ಅವರದ್ದು ಅವರು ಬರೀತಾರೆ. ನೀವೇ ಹೇಳಿದ್ದು."

ಪಕ್ಕದಲ್ಲಿ ಅವಳ ತಾಯಿ ಸೇಯಿನಿ ಕೂತಿದ್ದರು, ತೊಡೆಯ ಮೇಲೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆಯ ಡಬ್ಬಿ. ಮಗಳು ನುಂಗಲಾಗದೆ ಅದು ಹಾಗೇ ಇತ್ತು. ಆಕೆ ದನಿ ಏರಿಸಲಿಲ್ಲ. "ನೀವೇ ಅಲ್ವಾ ನನ್ನ ಮಗಳಿಗೆ ಇದನ್ನ ಹೇಳ್ಕೊಟ್ಟಿದ್ದು? ಅಲ್ಲಿ ಮೇಲೆ, ಗ್ರಹದ ಹತ್ರ, ಅದು ನಡೀತಿತ್ತೇನೋಮ್ಮ. ಇಲ್ಲಿ ಜನ ಇದ್ದಾರೆ. ನನ್ನ ಮಗಳು ಬಟ್ಟೆ ಬಿಚ್ಚಿ ನಿಂತ್ಲು, ಉಳಿದೋರೆಲ್ಲ ಕೋಟು ಹಾಕ್ಕೊಂಡು ನೋಡ್ತಾ ಕೂತಿದ್ದಾರೆ."

ಅಲ್ಲಿಂದ ನೇರ ಕಾಲೇಜಿಗೆ ಬಂದೆ. ನನ್ನ ಹಳೆಯ ಕೊಲೆಸಭೆಯ ಕೋಣೆಯಲ್ಲಿ ನಿಮ್ಮ ಪೆಟ್ಟಿಗೆ ಖಾಲಿ ಬೆಂಚುಗಳಿಗೆ ಭಿನ್ನರಾಶಿ ಹೇಳಿಕೊಡುತ್ತಿತ್ತು. ಕಾರಿನಿಂದ ಸುತ್ತಿಗೆ ತಂದೆ. ಮೊದಲ ಏಟಿಗೆ ಗಾಜು ಹೋಯಿತು, ಎರಡನೆಯದಕ್ಕೆ ದನಿ ನಿಂತಿತು. ಆಮೇಲೆ ಎಷ್ಟು ಹೊಡೆದೆನೋ ಲೆಕ್ಕವಿಲ್ಲ, ಕಾವಲುಗಾರ ಬಂದು ಮೆಲ್ಲಗೆ ನನ್ನ ಮಣಿಕಟ್ಟು ಹಿಡಿಯುವವರೆಗೂ ಹೊಡೆದೆ. ಅದರೊಳಗಿನ ತಂತಿಗಳು ಕರುಳಿನಂತೆ ಹೊರಗೆ ಬಂದಿದ್ದವು. ನನಗೆ ಸಮಾಧಾನವೂ ಆಗಲಿಲ್ಲ, ಪಶ್ಚಾತ್ತಾಪವೂ ಆಗಲಿಲ್ಲ. ದಂಡ ಎಷ್ಟು ಎಂದು ತಿಳಿಸಿ, ಕಟ್ಟುತ್ತೇನೆ.

ಮರುದಿನ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನಿಮ್ಮ ಸಹಾಯಕರು ಸಭ್ಯರು, ಅರ್ಧ ಗಂಟೆ ಸಂಗೀತ ಕೇಳಿಸಿ ಆಮೇಲೆ ಮಾತಾಡಿದರು. "ಮೇಡಂ, ಆಕೆಯೇ ತಪ್ಪು ಒಪ್ಕೊಂಡಿದ್ದಾರಲ್ಲ, ಇನ್ನು ವಿಚಾರಣೆಗೆ ಏನ್ ಉಳೀತು?" ಎಂದರು.

"ಉಳಿದವರ ಹಾಳೆಗಳು" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು, ಇಲಾಖೆಯಲ್ಲಿ ಅಂಥ ನಮೂನೆ ಇಲ್ಲ ಎಂದರು. ಇದು ನನಗೆ ಬಹಳ ಹಿಡಿಸಿತು. ರಜೆಗೆ ನಮೂನೆ ಇದೆ, ಕುರ್ಚಿ ಮುರಿದರೆ ನಮೂನೆ ಇದೆ, ತಪ್ಪು ನನ್ನದು ಎನ್ನಲು ನಾಲ್ಕುನೂರು ಜನರ ಇಲಾಖೆಯಲ್ಲಿ ಒಂದು ನಮೂನೆ ಅಚ್ಚಾಗಿಲ್ಲ. ಒಬ್ಬರಿಗೂ ಅದರ ಅಗತ್ಯ ಬಿದ್ದಿಲ್ಲವೇ? ಅಷ್ಟು ಪರಿಪೂರ್ಣರು ನೀವು ಇಷ್ಟು ಕೆಟ್ಟ ಶಾಲೆಗಳನ್ನು ಹೇಗೆ ಕಟ್ಟಿದಿರಿ?

ಇರಲಿ. ನಮೂನೆ ಇಲ್ಲದಿದ್ದರೂ ನನ್ನ ಹಾಳೆ ಬರೆದಿದ್ದೇನೆ. ಇದರ ಜೊತೆಗಿದೆ, ಇಲ್ಲೂ ಹೇಳುತ್ತೇನೆ. ತಪ್ಪು ನನ್ನದು. ಲೊಸಲೀನಾ ಹನ್ನೊಂದು ಸಾವು ದಾಟಿದ್ದಳು, ಹನ್ನೆರಡನೆಯದು ಬಾಕಿಯಿತ್ತು. ಅವಳ ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲ ಎನ್ನುವ ಹಕ್ಕು ನನಗಿತ್ತು. ನಿಮ್ಮ ಜೊತೆ ವರ್ಷಗಟ್ಟಲೆ ಗುದ್ದಾಡುವುದು ಬೇಡವೆನಿಸಿತ್ತು, ನಿವೃತ್ತಿಗೆ ಎರಡೇ ತಿಂಗಳಿತ್ತು. ಹುಡುಗಿ ಗಟ್ಟಿಗಿತ್ತಿ, ನಿಭಾಯಿಸುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ಇನ್ನೊಂದೂ ಇದೆ. ನಿಮ್ಮ ತಪ್ಪನ್ನು ಮಾತ್ರ ಬರೆಯಿರಿ ಎಂದು ಕಲಿಸಿದ ನಾನು, ಉಳಿದವರು ಬರೆಯದ ಊರಿನಲ್ಲಿ ಏನು ಮಾಡಬೇಕೆಂದು ಕಲಿಸಲಿಲ್ಲ. ಅಂಥ ಊರು ಇರುತ್ತದೆಂದು ನನಗೆ ಹೊಳೆದಿರಲಿಲ್ಲ. ಎಂಟುನೂರು ಸಾವು ಯೋಚಿಸಿದ ತಲೆಗೆ ಇದು ಹೊಳೆಯಲಿಲ್ಲ.

ಈ ಪತ್ರವನ್ನು ಇಲ್ಲಿಗೇ ಮುಗಿಸುವವಳಿದ್ದೆ. ಮೊನ್ನೆ ಸೋಮವಾರ ಲೊಸಲೀನಾ ನನಗೆ ಒಂದು ಲಕೋಟೆ ಕೊಟ್ಟಳು. ತನ್ನ ಹಾಳೆಯ ಒಂದು ಪ್ರತಿಯನ್ನು ಅವಳು ಜೋರ್ಜಾಳಿಗೆ, ತಪ್ಪು ಮಾಡಿದ ಮಕ್ಕಳನ್ನು ಕೂಡಿಹಾಕುವ ಸರ್ಕಾರಿ ಮನೆಗೆ ಕಳಿಸಿದ್ದಳಂತೆ, ಬೇರೆ ಒಂದು ಮಾತೂ ಬರೆಯದೆ. ಉತ್ತರ ಬಂದಿತ್ತು. ಗೆರೆ ಹಾಕಿದ ಪುಸ್ತಕದಿಂದ ಹರಿದ ಹಾಳೆ, ಸೊಟ್ಟ ಅಕ್ಷರ. ಪ್ರಕಟಿಸಲು ಹುಡುಗಿಯ, ಅವಳ ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಇದ್ದದ್ದು ಇದ್ದಂತೆ ಕೊಡುತ್ತೇನೆ:

'ತಪ್ಪು ನನ್ನದು. ಮೊದಲನೇ ಏಟು ಸಿಟ್ಟಲ್ಲಿ ಹೊಡೆದೆ. ಎರಡನೇ ಏಟಿನ ಹೊತ್ತಿಗೆ ಮಿಸ್ ಕಣ್ಣು ಹೋಗಿದೆ ಅಂತ ನನಗೆ ಗೊತ್ತಿತ್ತು, ಆದರೂ ಹೊಡೆದೆ. ಮಿಸ್ ಅಳಿಸಿದಾಗ ನಾನು ಮೂರನೇ ಹೆಜ್ಜೆಯಲ್ಲಿದ್ದೆ. ಇಲ್ಲಿ ನೆಲದ ಮೇಲೆ ಮತ್ತೆ ನಡೆದು ನೋಡಿದೆ. ಉತ್ತರ ಎರಡು.'

ಮಾನ್ಯರೇ, ಹದಿನೈದು ವರ್ಷದ ಹುಡುಗಿ, ಕೈಗೆ ರಕ್ತ ಅಂಟಿಕೊಂಡವಳು, ಎರಡನೇ ಏಟನ್ನೂ ಮುಚ್ಚಿಡದೆ ಬರೆದಿದ್ದಾಳೆ. ಅದು ತನ್ನ ಮೊಕದ್ದಮೆಗೆ ಕೆಡುಕು ಎಂದು ಅವಳ ವಕೀಲರು ಹೇಳಿದ ಮೇಲೂ ಬರೆದಿದ್ದಾಳೆ. ಈಗ ಮೂರು ಹಾಳೆಗಳಾದವು. ಗುರುವಾರ ಹತ್ತು ಗಂಟೆಗೆ ನಾನು, ಲೊಸಲೀನಾ, ಸೇಯಿನಿ ನಿಮ್ಮ ಕಚೇರಿಗೆ ಬಂದು ಈ ಮೂರನ್ನೂ ನೀವು ಚಹಾ ಕುಡಿಯುವ ಕೋಣೆಯ ಗೋಡೆಗೆ ಅಂಟಿಸುತ್ತೇವೆ. ಅಂಟು ನಾವೇ ತರುತ್ತೇವೆ.

ನನ್ನ ಬೇಡಿಕೆ ಒಂದೇ. ಕೊಲೆಸಭೆ ವಾಪಸ್ಸು ಕೊಡಿ ಎಂದು ಕೇಳುತ್ತಿಲ್ಲ, ಪೆಟ್ಟಿಗೆ ಕಿತ್ತುಹಾಕಿ ಎಂದೂ ಇವತ್ತು ಕೇಳುತ್ತಿಲ್ಲ. ಈ ಪತ್ರದ ಜೊತೆ ಒಂದು ಖಾಲಿ ಹಾಳೆ ಇಟ್ಟಿದ್ದೇನೆ. ಮೊದಲ ಎರಡು ಪದಗಳನ್ನು ನಾನೇ ಬರೆದಿದ್ದೇನೆ, ಶುರು ಮಾಡಲು ನಿಮಗೆ ಕಷ್ಟವಾಗಬಾರದೆಂದು. ಹತ್ತರಿಂದ ಹತ್ತೂವರೆಯವರೆಗೆ ಅರ್ಧ ಗಂಟೆ ಇದೆ. ಉಳಿದದ್ದನ್ನು ನೀವು ಬರೆದು ಆ ಮೂರರ ಪಕ್ಕದಲ್ಲಿ ಅಂಟಿಸಿ. ಆಮೇಲೆ ನಾಲ್ಕನ್ನೂ ಒಟ್ಟಿಗೆ ಓದಿ. ಓದಿದ ಮೇಲೂ ಲೊಸಲೀನಾಳ ನೋಂದಣಿ ರದ್ದು ಮಾಡಬೇಕು ಎನಿಸಿದರೆ ಸಹಿ ಹಾಕಿ. ನಿಧಾನವಾಗಿ ಬರೆಯಿರಿ, ಯಾರೂ ನಗುವುದಿಲ್ಲ. ನೀವು ಮುಗಿಸುವವರೆಗೆ ನಾವು ಯಾರೂ ಅಳಿಸುವುದಿಲ್ಲ.

ಇಂತಿ,
ಹನ್ನೊಂದು ಸಲ ಕೊಂದು, ಹನ್ನೆರಡನೆಯದನ್ನು ಒಂದು ಮಗುವಿನ ಕೈಗೆ ಬಿಟ್ಟವಳು,
ಥೆಕ್ಲಾ ನೋಸ್ಕೆ